ಬಾರ್ಸಿಲೋನಾದ ಹಳೇ ಪೇಟೆ: ಕಲ್ಲು ನೋಡಿ ಕಾಲ ಗುರುತಿಸುವ ಅರ್ಧ ದಿನದ ನಡಿಗೆ

ಬಾರ್ಸಿಲೋನಾದ ಹಳೇ ಪೇಟೆ ಬಾರಿ ಗೋತಿಕ್‌ನಲ್ಲಿ ಜನ ಅತಿ ಹೆಚ್ಚು ಫೋಟೊ ತೆಗೆಯುವುದು ಎರಡು ಕಡೆ. ಒಂದು ಕ್ಯಾಥೆಡ್ರಲ್‌ನ ಮುಂಭಾಗ, ಇನ್ನೊಂದು ಬಿಸ್ಬೆ ಬೀದಿಯ ಮೇಲಿರುವ ಕೆತ್ತನೆಯ ಕಲ್ಲಿನ ಸೇತುವೆ. ಇಡೀ ಪೇಟೆಯಲ್ಲಿ ತೀರಾ ಈಚಿನವು ಎನ್ನಬಹುದಾದ ಕಟ್ಟಡಗಳೇ ಇವು. ಕ್ಯಾಥೆಡ್ರಲ್‌ನ ಮುಖ ಎದ್ದದ್ದು 1887ರ ನಂತರ, ಅದರ ನಡುಗೋಪುರ ಮುಗಿದದ್ದು 1913ರಲ್ಲಿ. ಸೇತುವೆ ಕಟ್ಟಿದ್ದು 1928ರಲ್ಲಿ. ಅಲ್ಲಿಂದ ಕೂಗಳತೆಯಲ್ಲಿ 1,700 ವರ್ಷದ ರೋಮನ್ ಗೋಡೆ ನಿಂತಿದೆ, ಹೆಚ್ಚಿನವರು ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ.

ಈ ಪೇಟೆಯಲ್ಲಿ ಮೂರು ಕಾಲದ ಪದರಗಳಿವೆ. ಅಡಿಯಲ್ಲಿ ರೋಮನ್ನರ ಊರು ಬಾರ್ಸಿನೋ, ಅದರ ಮೇಲೆ 13–15ನೇ ಶತಮಾನದ ಅರಸರ, ವರ್ತಕರ ಊರು. ಅದರ ಮೇಲೆ 20ನೇ ಶತಮಾನದ ಮೊದಲರ್ಧದಲ್ಲಿ, ಮುಖ್ಯವಾಗಿ 1929ರ ಅಂತರರಾಷ್ಟ್ರೀಯ ಪ್ರದರ್ಶನದ ಆಸುಪಾಸಿನಲ್ಲಿ, ಹಳೆಯದರಂತೆ ಕಾಣಲೆಂದು ಕಟ್ಟಿದ ಮತ್ತು ತಿದ್ದಿದ ಭಾಗಗಳು. ಈ ಮೂರನ್ನೂ ಬೇರ್ಪಡಿಸಿ ನೋಡಲು ಬಂದರೆ ಪ್ರತಿ ಗಲ್ಲಿಯಲ್ಲೂ ಓದಲು ಏನಾದರೂ ಸಿಗುತ್ತದೆ. ಕೆಳಗಿನ ದಾರಿಯನ್ನು ಆ ಲೆಕ್ಕದಲ್ಲೇ ಜೋಡಿಸಿದೆ. ಮ್ಯೂಸಿಯಂ ಒಳಗೆ ಹೋಗುವವರಿಗೆ ಸುಮಾರು ಐದು ಗಂಟೆ ಬೇಕು, ಹೋಗದವರಿಗೆ ಮೂರು ಸಾಕು.

ದಿನ, ಹೊತ್ತು, ಟಿಕೆಟ್

ಸೋಮವಾರ ಬೇಡ. ನಗರ ಇತಿಹಾಸ ಮ್ಯೂಸಿಯಂ (ಎಲ್ಲರೂ ಮುಹ್ಬಾ ಎನ್ನುತ್ತಾರೆ) ಅಂದು ಮುಚ್ಚಿರುತ್ತದೆ, ಈ ನಡಿಗೆಯ ತಿರುಳೇ ಅದರ ನೆಲಮಾಳಿಗೆಯಲ್ಲಿದೆ. ಭಾನುವಾರ ಮಧ್ಯಾಹ್ನ 3ರ ಮೇಲೆ ಅಲ್ಲಿ ಪ್ರವೇಶ ಉಚಿತ, ತಿಂಗಳ ಮೊದಲ ಭಾನುವಾರ ಇಡೀ ದಿನ ಉಚಿತ. ದುಡ್ಡು ಉಳಿಯುತ್ತದೆ, ಆದರೆ ಸಾಲು ಉದ್ದವಿರುತ್ತದೆ ಮತ್ತು ಭಾನುವಾರ ಪೇಟೆಯ ಎಷ್ಟೋ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ನಿಧಾನವಾಗಿ ನೋಡುವವರಿಗೆ ಮಂಗಳವಾರದಿಂದ ಶುಕ್ರವಾರದೊಳಗಿನ ಬೆಳಿಗ್ಗೆಯೇ ಒಳ್ಳೆಯದು. ಗುರುವಾರ ಕ್ಯಾಥೆಡ್ರಲ್ ಮುಂದಿನ ಬಯಲಿನಲ್ಲಿ ಹಳೇ ವಸ್ತುಗಳ ಸಂತೆ ಕೂಡುತ್ತದೆ.

ಎಂಟೂವರೆಗೆ ಕಾಲಿಟ್ಟರೆ ಗಲ್ಲಿಗಳು ನಿಮ್ಮವು. ಹತ್ತೂವರೆ ದಾಟಿತೆಂದರೆ ಹಡಗಿನಿಂದ ಇಳಿದ ಗುಂಪುಗಳು ಬಂದು ಕಿರಿದಾದ ಓಣಿಗಳು ಕಟ್ಟಿಕೊಳ್ಳುತ್ತವೆ. ಆಗಸ್ಟ್‌ನಲ್ಲಿ ಬಿಸಿಲಿಗಿಂತ ಕಡಲ ಗಾಳಿಯ ಬೆವರು ಸುಸ್ತು ಮಾಡುತ್ತದೆ, ಮನೆತನದ ಸಣ್ಣ ಅಂಗಡಿ, ಹೋಟೆಲುಗಳು ರಜೆಯೆಂದು ಮುಚ್ಚಿರುತ್ತವೆ. ಏಪ್ರಿಲ್, ಮೇ, ಅಕ್ಟೋಬರ್ ಹಿತ.

ಮೆಟ್ರೊದಲ್ಲಿ ಬರುವವರು ಹಳದಿ ಬಣ್ಣದ ಎಲ್4 ಮಾರ್ಗದ ಜಾವ್ಮೆ ಪ್ರಿಮೆರ್ ನಿಲ್ದಾಣದಲ್ಲಿ ಇಳಿಯಬೇಕು. ಫಲಕದಲ್ಲಿ ಪ್ರಿಮೆರ್ ಎಂಬುದು ರೋಮನ್ ಅಂಕಿಯಲ್ಲಿ, ಜಾವ್ಮೆಯ ಮುಂದೆ ಒಂದು ಗೀಟಿನಂತೆ ಕಾಣುತ್ತದೆ. ಟಿಕೆಟ್ ವಿಷಯದಲ್ಲಿ ನಮ್ಮವರು ಎಡವುವುದು ಟಿ-ಕ್ಯಾಷುವಲ್ ಕಾರ್ಡಿನಲ್ಲಿ. ಅದರಲ್ಲಿ 10 ಪ್ರಯಾಣಗಳಿವೆ, ಆದರೆ ಒಬ್ಬರಿಗೆ ಮಾತ್ರ. ಗಂಡ ಹೆಂಡತಿ ಒಂದೇ ಕಾರ್ಡನ್ನು ಎರಡು ಸಲ ತೋರಿಸಿ ಒಳಗೆ ಹೋಗುವಂತಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ದಂಡ. ಕುಟುಂಬವಾಗಿ ಓಡಾಡುವವರು 8 ಪ್ರಯಾಣಗಳ ಟಿ-ಫಮಿಲಿಯಾರ್ ಕೊಳ್ಳಬೇಕು, ಅದನ್ನು ಹಂಚಿಕೊಳ್ಳಬಹುದು. ವಿಮಾನ ನಿಲ್ದಾಣದ ಮೆಟ್ರೊ ನಿಲ್ದಾಣಗಳಲ್ಲಿ ಟಿ-ಕ್ಯಾಷುವಲ್ ನಡೆಯುವುದಿಲ್ಲ. ಎರಡನೇ ಟರ್ಮಿನಲ್‌ನಿಂದ ಹೊರಡುವ ಆರ್2 ನೋರ್ಡ್ ರೈಲಿನಲ್ಲಿ ನಡೆಯುತ್ತದೆ.

ಜೇಬು

ಇಲ್ಲಿ ಹಲ್ಲೆ ಅಪರೂಪ, ಜೇಬುಗಳ್ಳತನ ದಿನನಿತ್ಯದ್ದು. ಕಳ್ಳರು ಕಾಯುವುದು ನಿಮ್ಮ ಗಮನ ಎಲ್ಲೋ ಇರುವ ಗಳಿಗೆಯನ್ನು. ಎಸ್ಕಲೇಟರ್‌ನ ತುದಿಯಲ್ಲಿ ಮುಂದಿನವನು ಸುಮ್ಮನೆ ನಿಂತುಬಿಡುತ್ತಾನೆ, ಹಿಂದಿನವನು ಕೈ ಹಾಕುತ್ತಾನೆ. ಹೆಗಲಿಗೆ ಹಕ್ಕಿ ಹಿಕ್ಕೆಯಂಥದ್ದು ಬಿದ್ದು, ಒರೆಸಿಕೊಡುತ್ತೇನೆಂದು ಯಾರೋ ಬಂದರೆ ಒರೆಸಿಕೊಳ್ಳದೆ ಮುಂದೆ ನಡೆಯಿರಿ. ಕೆಫೆಯ ಮೇಜಿನ ಮೇಲೆ ಫೋನ್ ಇಟ್ಟಿದ್ದಾಗ ನಕ್ಷೆ ಹರಡಿ ದಾರಿ ಕೇಳಿದರೆ, ನಕ್ಷೆ ಹೋದ ಮೇಲೆ ಫೋನೂ ಇರುವುದಿಲ್ಲ.

ಪಾಸ್‌ಪೋರ್ಟ್ ಕೋಣೆಯ ಲಾಕರಿನಲ್ಲಿರಲಿ, ಅದರ ಪ್ರತಿ ಜೊತೆಗಿರಲಿ. ಹಣ, ಒಂದೇ ಒಂದು ಕಾರ್ಡ್ ಮುಂದಿನ ಜೇಬಿನಲ್ಲಿ ಅಥವಾ ಅಂಗಿಯೊಳಗಿನ ಪೌಚಿನಲ್ಲಿರಲಿ. ಬೆನ್ನಿನ ಚೀಲವನ್ನು ಮೆಟ್ರೊದಲ್ಲೂ ರಾಂಬ್ಲಾ ಎಂಬ ಜನನಿಬಿಡ ಬೀದಿಯಲ್ಲೂ ಎದೆಗೆ ತಿರುಗಿಸಿಕೊಳ್ಳಿ. ಕಳೆದುಹೋದರೆ ಮೊಸೋಸ್ ದೆಸ್ಕ್ವಾದ್ರಾ ಪೊಲೀಸರ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ, ಅಲ್ಲಿ ಅದಕ್ಕೆ ದೆನೂನ್ಸಿಯಾ ಎನ್ನುತ್ತಾರೆ. ವಿಮೆಗೂ ಬಾರ್ಸಿಲೋನಾದಲ್ಲಿರುವ ಭಾರತದ ಕಾನ್ಸುಲೇಟ್ ಕಚೇರಿಗೂ ಆ ಕಾಗದ ಬೇಕೇ ಬೇಕು. ತುರ್ತು ಸಂಖ್ಯೆ 112.

ದಿಕ್ಕು ಹಿಡಿಯುವುದು

ಎತ್ತರದ ಕಟ್ಟಡಗಳ ನಡುವೆ ಫೋನಿನ ಜಿಪಿಎಸ್ ಒಂದೆರಡು ಓಣಿ ಆಚೀಚೆ ತೋರಿಸುತ್ತದೆ. ಸ್ಥಳೀಯರು ದಾರಿ ಹೇಳುವುದು ಕಡಲ ಕಡೆ, ಬೆಟ್ಟದ ಕಡೆ ಎಂದು. ನೆಲವೂ ಹಾಗೇ ಇದೆ. ರೋಮನ್ನರು ಊರು ಕಟ್ಟಿದ್ದು ತಾಬೆರ್ ಎಂಬ ಸಣ್ಣ ದಿಬ್ಬದ ಮೇಲೆ, ಅದರ ನೆತ್ತಿ ಸಮುದ್ರ ಮಟ್ಟದಿಂದ ಬರೀ 16.9 ಮೀಟರ್. ದಾರಿ ತಪ್ಪಿದರೆ ಇಳಿಜಾರು ಹಿಡಿದು ನಡೆದರೆ ಸಾಕು, ಹದಿನೈದು ನಿಮಿಷದಲ್ಲಿ ಬಂದರಿನ ದೊಡ್ಡ ರಸ್ತೆಗೆ ಬರುತ್ತೀರಿ. ರೋಮನ್ ಊರಿನ ಕೋಟೆಯ ಸುತ್ತಳತೆಯೇ ಸುಮಾರು 1.3 ಕಿಲೋಮೀಟರ್. ಇಷ್ಟು ಸಣ್ಣ ಜಾಗದಲ್ಲಿ ಕಳೆದುಹೋಗುವ ಭಯ ಬೇಡ.

ಹೆಜ್ಜೆ 1: ಪ್ಲಾಸಾ ನೋವಾದಲ್ಲಿ ಗೋಡೆ ಓದುವುದು

ಕ್ಯಾಥೆಡ್ರಲ್ ಮುಂದಿನ ಬಯಲಿಗೆ ಹೊಂದಿಕೊಂಡಿರುವ ಚೌಕವೇ ಪ್ಲಾಸಾ ನೋವಾ. ರೋಮನ್ ಊರಿನ ಹೆಬ್ಬಾಗಿಲಿನ ಎರಡು ದುಂಡು ಗೋಪುರಗಳು ಇಲ್ಲಿವೆ. ಮುಂದೆ ನೆಲದ ಮೇಲೆ ಬಾರ್ಸಿನೋ ಎಂಬ ಹೆಸರಿನ ದೊಡ್ಡ ಲೋಹದ ಅಕ್ಷರಗಳು ನಿಂತಿವೆ, ಅದು ಕವಿ ಜೋನ್ ಬ್ರೋಸಾ 1994ರಲ್ಲಿ ಮಾಡಿದ ಕೆಲಸ. ಗೋಪುರಕ್ಕೆ ಅಂಟಿಕೊಂಡಿರುವ ನೀರ್ಗಾಲುವೆಯ ಕಮಾನು ಮಾತ್ರ 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಗೋಪುರದ ಬುಡಕ್ಕೆ ಹೋಗಿ ನಿಲ್ಲಿ. ಕೆಳಗಿನ ಸಾಲುಗಳಲ್ಲಿ ದೊಡ್ಡ ದೊಡ್ಡ ಕಲ್ಲುಗಳು, ಅಂಚು ಸವೆದು ದುಂಡಾಗಿವೆ, ಒಂದರ ಬಣ್ಣದಂತೆ ಇನ್ನೊಂದಿಲ್ಲ. ಮೊದಲ ಕೋಟೆ ಊರಿನ ಜೊತೆಯಲ್ಲೇ ಎದ್ದಿತ್ತು. 3ನೇ ಶತಮಾನದ ಕೊನೆ, 4ನೇ ಶತಮಾನದ ಹೊತ್ತಿಗೆ ದಾಳಿಯ ಭಯದಲ್ಲಿ ಅದರ ಹೊರಮೈಗೆ ಇನ್ನೊಂದು ಗೋಡೆ ಒತ್ತಿ ಕಟ್ಟಿ, 70ಕ್ಕೂ ಹೆಚ್ಚು ಗೋಪುರ ಎಬ್ಬಿಸಿದರು. ಹೊಸ ಕಲ್ಲು ಸಾಲದೆ ಗೋರಿಕಲ್ಲು, ಮುರಿದ ಕಂಬ, ಹಳೇ ಕಟ್ಟಡದ ಕೆತ್ತನೆ ಎಲ್ಲವನ್ನೂ ಗೋಡೆಯೊಳಗೆ ತುಂಬಿದರು. ಈಗ ಕಣ್ಣನ್ನು ಮೇಲೆತ್ತಿದರೆ ಒಂದು ಎತ್ತರದಲ್ಲಿ ಕಲ್ಲಿನ ಗಾತ್ರ ಥಟ್ಟನೆ ಚಿಕ್ಕದಾಗುತ್ತದೆ, ಕಿಟಕಿಗಳು ಶುರುವಾಗುತ್ತವೆ. ಅಲ್ಲಿಂದ ಮೇಲಿನದು ಕೋಟೆ ಬೇಡವಾದ ಮೇಲೆ ಗೋಡೆಯ ಬೆನ್ನೇರಿ ಕಟ್ಟಿದ ಮನೆಗಳು. ದೊಡ್ಡ ಸವೆದ ಕಲ್ಲು ರೋಮನ್ನರದು, ಚಿಕ್ಕ ಒರಟು ಕಲ್ಲು ನಡುಗಾಲದ್ದು, ಚೂಪು ಅಂಚಿನ ಒಂದೇ ಬಣ್ಣದ ಕಲ್ಲು ಈಚಿನದು. ಇಷ್ಟು ನೆನಪಿದ್ದರೆ ಮುಂದಿನ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ.

ಚೌಕದ ಎದುರು ವಾಸ್ತುಶಿಲ್ಪಿಗಳ ಸಂಘದ ಕಟ್ಟಡದ ಹಣೆಯ ಮೇಲೆ ಮಕ್ಕಳು ಗೀಚಿದಂತೆ ಕಾಣುವ ಚಿತ್ರಪಟ್ಟಿಗಳು ಪಿಕಾಸೊ ಬರೆದುಕೊಟ್ಟ ವಿನ್ಯಾಸಗಳು, 1962ರವು.

ಹೆಬ್ಬಾಗಿಲು ದಾಟಿ ಎಡಕ್ಕೆ ತಿರುಗಿದ ಕೂಡಲೇ ಕಾಸಾ ದೆ ಲಾರ್ದಿಯಾಕಾ, ಈಗ ನಗರದ ದಾಖಲೆಗಳ ಮನೆ. ಅಂಗಳಕ್ಕೆ ಪ್ರವೇಶ ಉಚಿತ. ಬಾಗಿಲ ಪಕ್ಕದ ಅಮೃತಶಿಲೆಯ ಅಂಚೆಪೆಟ್ಟಿಗೆಯ ಮೇಲೆ ಹಾರುವ ಬಾನಾಡಿಗಳನ್ನೂ ತೆವಳುವ ಆಮೆಯನ್ನೂ ಕೆತ್ತಿದ್ದಾರೆ. ದೊಮೆನೆಕ್ ಇ ಮೊಂತಾನೆರ್ ಎಂಬ ವಾಸ್ತುಶಿಲ್ಪಿ ವಕೀಲರ ಸಂಘಕ್ಕಾಗಿ ಮಾಡಿದ್ದು.

ಹೆಜ್ಜೆ 2: ಕ್ಯಾಥೆಡ್ರಲ್‌ಗೆ ಮುಂದಿನಿಂದಲ್ಲ, ಪಕ್ಕದಿಂದ

ಮುಂಭಾಗವನ್ನು ದೂರದಿಂದ ನೋಡಿ ಎಡಬದಿಯ ಕೋಮ್ತೆಸ್ ಬೀದಿಗೆ ಹೊರಳಿ. ಮೊದಲಿನ ಕ್ಯಾಥೆಡ್ರಲ್ ಇರುವುದು ಇಲ್ಲಿ: ಸಾದಾ ಗೋಡೆ, ಕಪ್ಪಿಟ್ಟ ಕಲ್ಲು. ಸಾಂತ್ ಇವು ಎನ್ನುವ ಬಾಗಿಲ ಬಳಿಯ ಶಾಸನ ಕೆಲಸ ಶುರುವಾದ ದಿನವನ್ನೇ ಹೇಳುತ್ತದೆ, 1298ರ ಮೇ 1. ಕತ್ತೆತ್ತಿದರೆ ಮಳೆನೀರು ಹೊರಕ್ಕೆ ಚೆಲ್ಲುವ ಗಾರ್ಗಾಯ್ಲ್ ಎಂಬ ಕಲ್ಲಿನ ಮೂತಿಗಳು ಸೂರಿನ ಸಾಲಿನಲ್ಲಿ ಚಾಚಿಕೊಂಡಿವೆ. ಕಟ್ಟಡವನ್ನು ಸುತ್ತುವಾಗ ಅವುಗಳ ನಡುವೆ ಆನೆಯೊಂದನ್ನು ಹುಡುಕಿ, ಇದೆ.

ಒಳಗೆ ಹೋಗಲು ಎರಡು ಬಗೆ. ಪ್ರಾರ್ಥನೆಯ ಹೊತ್ತಿನಲ್ಲಿ ಪ್ರವೇಶ ಉಚಿತ, ಆದರೆ ಎಲ್ಲ ಕಡೆ ಓಡಾಡುವಂತಿಲ್ಲ. ಪ್ರವಾಸಿಗರ ಹೊತ್ತಿನಲ್ಲಿ ಟಿಕೆಟ್. ಭುಜ, ಮಂಡಿ ಮುಚ್ಚಿರಬೇಕು. ಬೇಸಿಗೆಯಲ್ಲಿ ತೋಳಿಲ್ಲದ ಅಂಗಿ, ಚಡ್ಡಿ ಹಾಕಿಕೊಂಡು ಬಂದು ಬಾಗಿಲಿಂದ ಮರಳುವವರು ಬಹಳ, ತೆಳು ಶಾಲು ಚೀಲದಲ್ಲಿದ್ದರೆ ತೊಂದರೆಯಿಲ್ಲ. ಒಳಗೆ ಮೂರನ್ನು ಬಿಡಬೇಡಿ. ನಡುವಿನ ಗಾಯನಪೀಠಗಳ ಬೆನ್ನಮೇಲೆ ಯೂರೋಪಿನ ಅರಸರ ಲಾಂಛನಗಳನ್ನು ಬಣ್ಣದಲ್ಲಿ ಬರೆದಿದ್ದಾರೆ, ಚಕ್ರವರ್ತಿ ಐದನೇ ಚಾರ್ಲ್ಸ್ 1519ರಲ್ಲಿ ಗೋಲ್ಡನ್ ಫ್ಲೀಸ್ ಎಂಬ ನೈಟ್ ಪದವಿಯವರ ಸಭೆ ಸೇರಿಸಿದಾಗಿನ ಕೆಲಸವದು. ಮುಖ್ಯಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಊರಿನ ರಕ್ಷಕಿ ಸಾಂತಾ ಎವ್ಲಾಲಿಯಾಳ ಗೋರಿ. ಪಕ್ಕದ ಅಂಗಳದಲ್ಲಿ 13 ಬಿಳಿ ಹೆಬ್ಬಾತುಗಳು, ಅವಳು ಹುತಾತ್ಮಳಾದದ್ದು 13ರ ಹರೆಯದಲ್ಲಿ ಎನ್ನುವ ನಂಬಿಕೆಗೆ. ಚಾವಣಿಗೆ ಲಿಫ್ಟ್ ಇದೆ. ಪೇಟೆಯ ಓಣಿಗಳು ಹೇಗೆ ಹೆಣೆದುಕೊಂಡಿವೆ ಎಂಬುದು ಮೇಲಿಂದ ಒಮ್ಮೆ ಕಂಡರೆ ಕೆಳಗೆ ನಡೆಯುವುದು ಸಲೀಸು.

ಸಾಂತ್ ಇವು ಬಾಗಿಲ ಎದುರಿನ ಲೋಕ್ತಿನೆಂತ್ ಅರಮನೆಯ ಗೋಡೆಯನ್ನು ಹತ್ತಿರದಿಂದ ನೋಡಿ. ಕೆಲವು ಕಲ್ಲುಗಳ ಮೇಲೆ ಹೀಬ್ರೂ ಅಕ್ಷರಗಳಿವೆ, ಒಂದೆರಡು ಮಗುಚಿಕೊಂಡೂ ಕೂತಿವೆ. ಮೊಂಜೂಯಿಕ್ ಬೆಟ್ಟದಲ್ಲಿದ್ದ ಯಹೂದಿ ಸ್ಮಶಾನದ ಗೋರಿಕಲ್ಲುಗಳನ್ನು ಕಿತ್ತು ತಂದು ಕಟ್ಟಿದ್ದು. ಅವು ಇಲ್ಲಿಗೆ ಬಂದ ಕಾರಣ 5ನೇ ಹೆಜ್ಜೆಯಲ್ಲಿ ತಿಳಿಯುತ್ತದೆ.

ಹೆಜ್ಜೆ 3: ಪ್ಲಾಸಾ ದೆಲ್ ರೇ, ಮತ್ತು ಅದರ ಕೆಳಗಿನ ಊರು

ಕೋಮ್ತೆಸ್ ಬೀದಿಯಲ್ಲಿ ಇಳಿದು ಎಡಕ್ಕೆ ತಿರುಗಿದರೆ ಅರಸರ ಚೌಕ. ಮೂರೂ ಕಡೆ ಎತ್ತರದ ಗೋಡೆ. ಚೌಕದ ಮೂಲೆಯ ಕಾಸಾ ಪಾದೆಲಾಸ್ ಮುಹ್ಬಾದ ಬಾಗಿಲು. ಈ ಮನೆ ಮೊದಲು ಇಲ್ಲಿರಲೇ ಇಲ್ಲ. ವಿಯಾ ಲಾಯೆತಾನಾ ಎಂಬ ಅಗಲ ರಸ್ತೆಗಾಗಿ ಹಳೇ ಪೇಟೆಯ ನಡುವೆ ಸೀಳು ತೆಗೆದಾಗ ಇದನ್ನು ಒಂದೊಂದೇ ಕಲ್ಲು ಬಿಚ್ಚಿ, 1931ರಲ್ಲಿ ಇಲ್ಲಿ ಮತ್ತೆ ಜೋಡಿಸಲು ಪಾಯ ತೋಡಿದರು. ಪಾಯದಲ್ಲಿ ರೋಮನ್ ಊರು ಸಿಕ್ಕಿತು. ಅಗೆತ ಮುಂದುವರಿದು 1943ರಲ್ಲಿ ಮ್ಯೂಸಿಯಂ ತೆರೆಯಿತು.

ಕೆಳಗೆ ಸುಮಾರು 4,000 ಚದರ ಮೀಟರ್. ಕಬ್ಬಿಣದ ಕಾಲುಹಾದಿಯ ಮೇಲೆ ನಡೆಯುತ್ತ ಕಾಲಡಿಯಲ್ಲಿ ಬೀದಿ, ಚರಂಡಿ, ಬಟ್ಟೆ ಒಗೆಯುವ ಮತ್ತು ಬಣ್ಣ ಹಾಕುವ ತೊಟ್ಟಿಗಳು, ಗಾರುಮ್ ತಯಾರಿಸುವ ಕಾರ್ಖಾನೆ, ದ್ರಾಕ್ಷಾರಸದ ಹಗೇವುಗಳನ್ನು ನೋಡಬಹುದು. ಗಾರುಮ್ ಎಂದರೆ ಮೀನಿನ ಕರುಳಿಗೆ ಉಪ್ಪು ಬೆರೆಸಿ ಬಿಸಿಲಲ್ಲಿ ಕೊಳೆಸಿ ಸೋಸಿದ ರಸ, ರೋಮನ್ ಅಡುಗೆಗೆ ಅದಿಲ್ಲದೆ ಆಗುತ್ತಿರಲಿಲ್ಲ. ಜನ ಇಲ್ಲಿ ಮಾಡುವ ತಪ್ಪೆಂದರೆ ಇಪ್ಪತ್ತು ನಿಮಿಷದಲ್ಲಿ ಓಡಿಬಿಡುವುದು. ಒಂದು ಗಂಟೆ ಕೊಡಿ. ಪ್ರತಿ ತಿರುವಿನಲ್ಲಿ ನೆತ್ತಿಯ ಮೇಲೆ ಯಾವ ಕಟ್ಟಡವಿದೆ ಎಂದು ಫಲಕದಲ್ಲಿ ನೋಡಿಕೊಳ್ಳಿ, ಆಗ ಪದರಗಳ ಲೆಕ್ಕ ಕೂಡುತ್ತದೆ. ಒಳಗೆ ತಂಪು, ನೆಲ ಏರುಪೇರು, ಹಿಮ್ಮಡಿ ಎತ್ತರದ ಚಪ್ಪಲಿ ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಅದೇ ಟಿಕೆಟ್‌ನಲ್ಲಿ ಮೇಲೆ ಬಂದರೆ ಅರಮನೆಯ ಟಿನೆಲ್ ಸಭಾಂಗಣ. 14ನೇ ಶತಮಾನದಲ್ಲಿ ಗಿಲ್ಲೆಮ್ ಕಾರ್ಬೊನೆಲ್ ಕಟ್ಟಿದ್ದು. ಆರು ಅರ್ಧವೃತ್ತದ ಕಮಾನುಗಳು, ಒಂದೊಂದೂ ಸುಮಾರು 17 ಮೀಟರ್ ಅಗಲವನ್ನು ನಡುವೆ ಕಂಬವಿಲ್ಲದೆ ದಾಟುತ್ತವೆ. ಗೋತಿಕ್ ಎಂಬುದು ಯೂರೋಪಿನ ನಡುಗಾಲದ ಕಟ್ಟಡ ಶೈಲಿ, ಬೇರೆಲ್ಲಾದರೂ ಗೋತಿಕ್ ಎಂದರೆ ಮುಗಿಲೆತ್ತರ. ಈ ನಾಡಿನ ಕತಲಾನ್ ಗೋತಿಕ್‌ಗೆ ಪ್ರೀತಿ ಅಗಲದ ಮೇಲೆ, ಅಲಂಕಾರದ ಮೇಲಲ್ಲ. ಈ ಕೋಣೆಯಲ್ಲಿ ನಿಂತವರಿಗೆ ಅದು ಮಾತಿಲ್ಲದೆ ತಿಳಿಯುತ್ತದೆ, ಇಡೀ ಪೇಟೆಯಲ್ಲಿ ಒಂದೇ ಒಳಾಂಗಣ ನೋಡುವುದಾದರೆ ಇದನ್ನೇ ನೋಡಬೇಕು.

ಹೊರಬಂದು ವಿಯಾ ಲಾಯೆತಾನಾ ಕಡೆಗೆ ಎರಡು ನಿಮಿಷ ನಡೆದರೆ ರಾಮೋನ್ ಬೆರೆಂಗೆರ್ ಚೌಕ. ಕುದುರೆ ಏರಿದ ದೊರೆಯ ಹಿಂದೆ ರೋಮನ್ ಗೋಡೆ, ಅದರ ನೆತ್ತಿಯ ಮೇಲೆ ಅರಮನೆಯ ಸಾಂತಾ ಆಗಾತಾ ಗುಡಿ. ಮೊದಲ ಹೆಜ್ಜೆಯಲ್ಲಿ ಕಲಿತ ಗುರುತುಗಳನ್ನು ಇಲ್ಲಿ ಪರೀಕ್ಷಿಸಿಕೊಳ್ಳಿ.

ಹೆಜ್ಜೆ 4: ದೇವಸ್ಥಾನದ ಕಂಬಗಳು

ಪಾರಾದೀಸ್ ಬೀದಿ, ಮನೆ ಸಂಖ್ಯೆ 10. ಚಾರಣಿಗರ ಸಂಘದ ಹಳೇ ಕಟ್ಟಡ. ಹೊರಗಿನಿಂದ ಏನೂ ಕಾಣದು, ಬಾಗಿಲ ಮುಂದೆ ನೆಲದಲ್ಲಿ ಹೂತಿರುವ ಬೀಸುವ ಕಲ್ಲು ಮಾತ್ರ ತಾಬೆರ್ ದಿಬ್ಬದ ನೆತ್ತಿಯನ್ನು ಗುರುತಿಸುತ್ತದೆ. ಒಳ ಅಂಗಳದಲ್ಲಿ ಸುಮಾರು 9 ಮೀಟರ್ ಎತ್ತರದ ನಾಲ್ಕು ಕಂಬಗಳು ನಿಂತಿವೆ, ಸೀಸರ್ ಆಗಸ್ಟಸ್‌ನ ದೇವಸ್ಥಾನದವು. ಪ್ರವೇಶ ಉಚಿತ, ಹತ್ತು ನಿಮಿಷ ಸಾಕು.

ಅಲ್ಲಿಂದ ಕೆಳಗಿನ ಸಾಂತ್ ಜಾವ್ಮೆ ಚೌಕ ರೋಮನ್ ಊರಿನ ಎರಡು ಹೆದ್ದಾರಿಗಳು ಕೂಡುತ್ತಿದ್ದ ಜಾಗ. ಇಂದಿಗೂ ಅಧಿಕಾರ ಅಲ್ಲೇ ಇದೆ, ಒಂದು ಕಡೆ ನಗರಸಭೆ, ಎದುರಿಗೆ ಕತಲೋನಿಯಾ ಸರ್ಕಾರ. ಸೆಪ್ಟೆಂಬರ್ 24ರ ಮೆರ್ಸೆ ಹಬ್ಬದ ಹೊತ್ತಿಗೆ ಬಂದರೆ ಜನ ಹೆಗಲ ಮೇಲೆ ಹೆಗಲೇರಿ ಕಟ್ಟುವ ಮಾನವ ಗೋಪುರಗಳನ್ನು ಇಲ್ಲಿ ನೋಡಬಹುದು.

ಹೆಜ್ಜೆ 5: ಸೇತುವೆ, ಬಾಂಬಿನ ಗುರುತು, ಯಹೂದಿ ಕೇರಿ

ಚೌಕದಿಂದ ಬೆಟ್ಟದ ಕಡೆಗೆ ಬಿಸ್ಬೆ ಬೀದಿ. ಆ ಪ್ರಸಿದ್ಧ ಸೇತುವೆಯ ಕೆಳಗೆ ನಿಂತು ಅಂಚುಗಳ ಚೂಪು ನೋಡಿ, 1928ರ ರುಬಿಯೊ ಇ ಬೆಲ್ವೆರ್ ಅವರ ಕೆಲಸವೆಂದು ಈಗ ಯಾರೂ ಹೇಳಬೇಕಿಲ್ಲ. ಈಚಿನದೆಂದು ಕಡೆಗಣಿಸಬೇಕಾದದ್ದೂ ಇಲ್ಲ, ಕೆತ್ತನೆ ಅಚ್ಚುಕಟ್ಟು. ಅಡಿಭಾಗದಲ್ಲಿ ಕಠಾರಿ ಚುಚ್ಚಿದ ತಲೆಬುರುಡೆಯಿದೆ.

ಮುಂದೆ ಎಡಕ್ಕೆ ಸಾಂತ್ ಸೆವೆರ್ ಓಣಿ ಹಿಡಿದರೆ ಸಾಂತ್ ಫೆಲಿಪ್ ನೇರಿ ಚೌಕ. ಚರ್ಚಿನ ಗೋಡೆಯ ಕೆಳಭಾಗವೆಲ್ಲ ಕಿತ್ತು ತೂತಾಗಿದೆ. ಇದು ಗುಂಡಿಕ್ಕಿ ಕೊಂದ ಜಾಗ ಎಂಬ ಮಾತನ್ನು ಈಗಲೂ ಕೇಳುತ್ತೀರಿ, ನಂಬಬೇಡಿ. 1938ರ ಜನವರಿ 30ರಂದು, ಸ್ಪೇನಿನ ಅಂತರ್ಯುದ್ಧದ ನಡುವೆ, ಬಂಡಾಯದ ಸೇನಾನಿ ಫ್ರಾಂಕೊ ಪರವಾಗಿ ಇಟಲಿಯ ವಿಮಾನಗಳು ಹಾಕಿದ ಬಾಂಬುಗಳ ಚೂರು ಬಡಿದ ಗುರುತುಗಳವು. ಚರ್ಚಿನಲ್ಲಿ ಆಸರೆ ಪಡೆದಿದ್ದವರೂ ಸೇರಿ 42 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಗೋಡೆಯ ಫಲಕದಲ್ಲಿ ಇದನ್ನು ಬರೆದಿದ್ದಾರೆ. ಪಕ್ಕದ ಶಾಲೆಯ ಮಕ್ಕಳಿಗೆ ಈ ಚೌಕವೇ ಆಟದ ಬಯಲು. ಬಿಡುವಿನ ಹೊತ್ತಿನಲ್ಲಿ ಬಂದರೆ ಬದಿಗೆ ನಿಲ್ಲಿ, ಮಕ್ಕಳ ಫೋಟೊ ತೆಗೆಯಬೇಡಿ. ವಾಸ್ತುಶಿಲ್ಪಿ ಗೌಡಿ 1926ರಲ್ಲಿ ಟ್ರಾಮ್ ಬಡಿದು ಬಿದ್ದದ್ದು ಎಂದಿನಂತೆ ಈ ಚರ್ಚಿಗೆ ನಡೆದು ಬರುತ್ತಿದ್ದಾಗ.

ಹತ್ತಿರದಲ್ಲೇ ಎಲ್ ಕಾಲ್, ಹಳೇ ಯಹೂದಿ ಕೇರಿ. 1391ರ ಆಗಸ್ಟ್‌ನಲ್ಲಿ ಜನರ ಗುಂಪು ನುಗ್ಗಿ ನೂರಾರು ಮಂದಿಯನ್ನು ಕೊಂದಿತು, ಉಳಿದವರಲ್ಲಿ ಬಹಳಷ್ಟು ಮಂದಿ ಮತಾಂತರವಾದರು, ಕೇರಿ ಅಳಿಯಿತು. ಸತ್ತವರ ಸ್ಮಶಾನಕ್ಕೆ ದಿಕ್ಕಿಲ್ಲದಾಯಿತು, ಅದರ ಕಲ್ಲುಗಳು ಅರಮನೆಯ ಗೋಡೆ ಸೇರಿದ್ದು ಹೀಗೆ. ಮಾರ್ಲೆತ್ ಓಣಿಯ ಗೋಡೆಯಲ್ಲಿ ಹೀಬ್ರೂ ಶಾಸನವೊಂದರ ಪ್ರತಿಯಿದೆ, ಐದನೇ ಸಂಖ್ಯೆಯ ಕಟ್ಟಡದಲ್ಲಿ ಹಳೇ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಎಂದು ತೋರಿಸುವ ಎರಡು ಸಣ್ಣ ಕೋಣೆಗಳಿವೆ.

ಹೆಜ್ಜೆ 6: ಊಟ, ಮತ್ತು ಸಸ್ಯಾಹಾರಿಗಳು ಕೇಳಬೇಕಾದ್ದು

ಬಾನಿಸ್ ನೋವ್ಸ್ ಬೀದಿಯಲ್ಲಿ ನಡೆಯಿರಿ. ಅದು ಬಾಗುತ್ತ ಸಾಗುವುದು ರೋಮನ್ ಕೋಟೆಯ ಹೊರಗೆರೆಯನ್ನೇ ಹಿಡಿದು. ಕೊನೆಗೆ ಸಾಂತಾ ಮಾರಿಯಾ ದೆಲ್ ಪಿ ಚರ್ಚು, ಅದರ ಸುತ್ತ ಮರದ ನೆರಳಿನ ಚೌಕಗಳು.

ಮಧ್ಯಾಹ್ನದ ಊಟ ಒಂದರಿಂದ ನಾಲ್ಕರವರೆಗೆ, ರಾತ್ರಿಯದು ಎಂಟೂವರೆಯ ಮೇಲೆ. ಆರು ಗಂಟೆಗೆ ಊಟ ಬಡಿಸುವ ಹೋಟೆಲು ಪ್ರವಾಸಿಗರಿಗೆಂದೇ ಇರುವುದು. ಕೆಲಸದ ದಿನ ಮಧ್ಯಾಹ್ನ ಮೆನು ದೆಲ್ ದಿಯಾ ಎಂದು ಕೇಳಿದರೆ ಒಂದೇ ಬೆಲೆಗೆ ಎರಡು ಬಗೆ, ಸಿಹಿ ಸಿಗುತ್ತವೆ, ಬಹಳ ಕಡೆ ಪಾನೀಯವೂ ಸೇರಿರುತ್ತದೆ. ಧೈರ್ಯವಾಗಿ ತರಿಸಬಹುದಾದವು: ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದ ಬ್ರೆಡ್ ಪಾ ಅಂ ತುಮಾಕೆತ್, ಸುಟ್ಟ ಬದನೆ ದೊಣ್ಣೆಮೆಣಸಿನ ಎಸ್ಕಾಲಿವಾದಾ, ಒಣದ್ರಾಕ್ಷಿ ಪೈನ್ ಬೀಜದ ಜೊತೆ ಬಾಡಿಸಿದ ಪಾಲಕ್. ಎಸ್ಕಾಲಿವಾದಾದ ಮೇಲೆ ಆಂಚೊವಿ ಮೀನು ಹಾಕುವುದುಂಟು, ಕೇಳಿಯೇ ತರಿಸಿ. ಮೋಸ ಹೋಗುವುದು ವೆಜೆತಾಲ್ ಎಂಬ ಸ್ಯಾಂಡ್‌ವಿಚ್‌ನಲ್ಲಿ. ಹೆಸರು ತರಕಾರಿಯದು, ಒಳಗೆ ಟ್ಯೂನಾ ಮೀನು, ಮೊಟ್ಟೆ. ಬೇಳೆ ಸಾರಿನಲ್ಲಿ ಹಂದಿಮಾಂಸದ ಚೋರಿಸೊ ಇರುತ್ತದೆ, ಕ್ರೊಕೆಟ್‌ನಲ್ಲಿ ಹ್ಯಾಮ್. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು, ಒಂದೊಂದನ್ನೂ ಹೆಸರಿಸಿ: "ಸೆನ್ಸೆ ಕಾರ್ನ್, ಸೆನ್ಸೆ ಪೆಯ್ಶ್, ಸೆನ್ಸೆ ಓವು", ಅಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ.

ಚರ್ಚಿನ ಎದುರಿನ ಪೆತ್ರಿಚೋಲ್ ಓಣಿಯ ಗ್ರಾಂಜಾ ಎಂಬ ಹಳೇ ಹಾಲಿನಂಗಡಿಗಳಲ್ಲಿ ಸುಯಿಸ್ ಕೇಳಿ. ನಮ್ಮ ರಾಗಿ ಗಂಜಿಯಷ್ಟು ಗಟ್ಟಿಯಾದ ಬಿಸಿ ಚಾಕೊಲೇಟ್, ಮೇಲೆ ಕಡೆದ ಕೆನೆ. ಕುಡಿಯುವುದಕ್ಕಿಂತ ಅದ್ದಿ ತಿನ್ನುವುದೇ ಹೆಚ್ಚು. ಅದ್ದಲು ಚುರ್ರೊ ತೆಗೆದುಕೊಳ್ಳಿ, ಮೃದುವಾದ ಮೆಲಿಂದ್ರೊದಲ್ಲಿ ಮೊಟ್ಟೆಯಿದೆ. ಬಾಟಲಿ ನೀರು ಕೊಳ್ಳಬೇಕಿಲ್ಲ, ಬೀದಿಯ ಕಾರಂಜಿ ನಲ್ಲಿಗಳ ನೀರು ಕುಡಿಯಬಹುದು. ಪೋರ್ತಾಲ್ ದೆ ಲಾಂಜೆಲ್ ಬಳಿಯ ಸಾಂತಾ ಆನಾ ಕಾರಂಜಿ 1356ರಿಂದ ನೀರು ಕೊಡುತ್ತಿದೆ, ಅದರ ಬಣ್ಣದ ಹೆಂಚುಗಳು ಮಾತ್ರ ಈಚಿನವು.

ಹೆಜ್ಜೆ 7: ಗೋರಿಗಳ ದಾರಿ

ಕಾನುದಾ ಬೀದಿಯ ವಿಲಾ ದೆ ಮಾದ್ರಿದ್ ಚೌಕದಲ್ಲಿ ಇಂದಿನ ನೆಲಕ್ಕಿಂತ ಕೆಳಗೆ, ಹುಲ್ಲಿನ ನಡುವೆ, ರೋಮನ್ ಗೋರಿಗಳ ಸಾಲಿದೆ. ಊರೊಳಗೆ ಹೂಳಲು ಕಾನೂನಿನ ಅಡ್ಡಿಯಿದ್ದುದರಿಂದ ರೋಮನ್ನರು ಊರಿಂದ ಹೊರಡುವ ದಾರಿಯ ಎರಡೂ ಬದಿಯಲ್ಲಿ ಹೂಳುತ್ತಿದ್ದರು, ಇದು ಅಂಥ ಒಂದು ದಾರಿ. ಮೇಲಿನ ಸೇತುವೆಯಿಂದ ಪುಕ್ಕಟೆಯಾಗಿ ನೋಡಬಹುದು. ಎರಡು ಸಾವಿರ ವರ್ಷದಲ್ಲಿ ಊರಿನ ನೆಲ ಎಷ್ಟು ಏರಿದೆ ಎಂಬುದಕ್ಕೆ ಅಳತೆಯೂ ಇಲ್ಲೇ ಸಿಗುತ್ತದೆ.

ಇಲ್ಲಿಂದ ಕತಲೂನ್ಯಾ ಮೆಟ್ರೊ ಐದು ನಿಮಿಷದ ನಡಿಗೆ. ವಿಮಾನ ನಿಲ್ದಾಣಕ್ಕೆ ಹೋಗುವ ಏರೋಬಸ್ಸೂ ಆ ಚೌಕದಿಂದಲೇ ಹೊರಡುತ್ತದೆ, ಸುಮಾರು 35 ನಿಮಿಷದ ದಾರಿ. ಎರಡು ಟರ್ಮಿನಲ್‌ಗಳಿಗೆ ಬೇರೆ ಬೇರೆ ಬಸ್ಸು, ಹತ್ತುವ ಮುಂಚೆ ಮುಂದಿನ ಫಲಕದಲ್ಲಿ ಎ1 ಇದೆಯೋ ಎ2 ಇದೆಯೋ ನೋಡಿಕೊಳ್ಳಿ.